ಕಿಂಡಿಗೆ ತುರುಕಿದ ಗೋಣಿಚೀಲ

ಜ್ವರ ಮೊದಲು ಬಂದದ್ದು ಬಾಳಮ್ಮನಿಗೆ. ಇದನ್ನು ಈಗಲೇ ಹೇಳಿಬಿಡಬೇಕು, ಯಾಕೆಂದರೆ ಬಾಳಮ್ಮ ಹೇಳಲಿಲ್ಲ.

ಅದು ಕೊರೊನಾ ಮೂರನೇ ಸಲ ಬಂದ ಜನವರಿ. ಬಾಳಮ್ಮನ ಗಂಡ ಅಮೋಘಸಿದ್ದಪ್ಪ ಮಂಠಾಳದ ಕಡೆಯ ಹೊಲಗಳಲ್ಲಿ ಕುರಿ ಮೇಯಿಸುವವನು. ಟಗರು ಮಾರಲು ಹುಮನಾಬಾದಿಗೆ ಹೋದವನು ಬರುವಾಗ ಥಂಡಿಗೆ ಗಾಜು ಏರಿಸಿದ ಜೀಪಿನಲ್ಲಿ ಹನ್ನೊಂದು ಮಂದಿಯ ನಡುವೆ ಕೂತು ಬಂದ. ಎರಡು ದಿನ ಬಿಟ್ಟು ಕೆಮ್ಮಿದ. ಮತ್ತೆರಡು ದಿನಕ್ಕೆ ಬಸವಕಲ್ಯಾಣದ ಬಾಡಿಗೆ ಖೋಲಿಯಲ್ಲಿ ಬಾಳಮ್ಮ ಎದ್ದಾಗ ಕಣ್ಣು ಉರಿಯುತ್ತಿದ್ದವು. ಸೊಂಟ ಮುರಿದುಬಿದ್ದಂತಾಗಿತ್ತು. ಜ್ವರದ ಗುಳಿಗೆ ನುಂಗಿದಳು. ಕುಂಕುಮ ಹಚ್ಚಿಕೊಂಡಳು. ರೊಟ್ಟಿ ಬಡಿಯಲು ಹೊರಟಳು.

ಮನೆಯಲ್ಲಿ ಮಲಗಬಹುದಿತ್ತು. ಮಲಗಿದರೆ ಒಲೆ ಹೋಗುತ್ತಿತ್ತು. ಕಸ್ತೂರಿಬಾಯಿಯ ರೊಟ್ಟಿ ಕೇಂದ್ರದಲ್ಲಿ ಎಂಟು ಒಲೆ, ಒಲೆಗೊಬ್ಬಳು. ಒಂದು ದಿನ ತಪ್ಪಿಸಿದರೆ ಮರುದಿನ ಆ ಒಲೆಯ ಮುಂದೆ ಇನ್ನೊಬ್ಬಳು ಕೂತಿರುತ್ತಿದ್ದಳು. ಅದೂ ಸಂಕ್ರಾಂತಿಯ ವಾರ. ಆ ಕೋಣೆಯ ಒಳಗೆ ಕೂರಲು ಬಾಳಮ್ಮ ಎರಡು ವರ್ಷ ಕಾದಿದ್ದಳು. ಕುರಿ ಕಾಯುವವರ ಹೆಂಗಸು ಬಡಿದ ರೊಟ್ಟಿ ಜನ ತಿಂದಾರೋ ಇಲ್ಲವೋ ಎಂದು ಕಸ್ತೂರಿಬಾಯಿ ಎರಡು ವರ್ಷ ಯೋಚಿಸಿದ್ದಳು. ಅಲ್ಲಿಯತನಕ ಬಾಳಮ್ಮ ಹೊಸ್ತಿಲ ಹತ್ತಿರ ಕೂತು ಜರಡಿಯಲ್ಲಿ ಹಿಟ್ಟು ಸಾಣಿಸಿದಳು. ಒಳಗೆ ಕರೆದ ದಿನ ಗಂಡನಿಗೆ ಫೋನು ಮಾಡಿ, "ನನಗ ಒಳಗ ಕುಂದರಸ್ಯಾರ್ರೀ" ಎಂದು ಅತ್ತಿದ್ದಳು.

ಒಳಗು ಎಂದರೆ ಮೊದಲು ದನ ಕಟ್ಟುತ್ತಿದ್ದ ಕೊಟ್ಟಿಗೆ. ಮೇಲೆ ತಗಡು. ಎರಡು ಕಿಟಕಿ, ಎರಡಕ್ಕೂ ಮೊಳೆ ಹೊಡೆದಿತ್ತು. ರೊಟ್ಟಿಯ ಕೆಲಸ ಬಲ್ಲವರು ಯಾಕೆಂದು ಕೇಳುವುದಿಲ್ಲ. ಗಾಳಿ ಆಡಿದರೆ ಗ್ಯಾಸಿನ ಉರಿ ಓಲಾಡುತ್ತದೆ, ರೊಟ್ಟಿ ಒಂದು ಕಡೆ ಸೀದು ಒಂದು ಕಡೆ ಹಸಿ ಉಳಿಯುತ್ತದೆ. ನಾದಿದ ಹಿಟ್ಟು ಒಣಗಿ ಅಂಚು ಬಿರಿಯುತ್ತದೆ. ಅದಕ್ಕೇ ಫ್ಯಾನೂ ಇರಲಿಲ್ಲ. ಬಾಳಮ್ಮನ ಒಲೆಯ ಹಿಂದಿನ ಗೋಡೆಯಲ್ಲಿ ಒಂದು ಕಿಂಡಿಯಿತ್ತು, ಎರಡು ಇಟ್ಟಿಗೆಯಷ್ಟು ಅಗಲದ್ದು. ಥಂಡಿ ಶುರುವಾದಾಗ ಬಾಳಮ್ಮನೇ ಗೋಣಿಚೀಲ ಮಡಚಿ ಅದಕ್ಕೆ ತುರುಕಿದ್ದಳು. ಕಸ್ತೂರಿಬಾಯಿ ಶಹಬ್ಬಾಸ್ ಅಂದಿದ್ದಳು.

ಆ ಕೋಣೆಯಲ್ಲಿ ಬೆಳಗ್ಗೆ ಆರರಿಂದ ಎಂಟು ಹೆಂಗಸರು ಎದುರುಬದುರು ಕೂತು ಬಡಿಯುತ್ತಿದ್ದರು. ಅಂಗೈ ಕೆಂಪಾಗಿ, ಆಮೇಲೆ ಬಿಳಿಚಿ, ಮಧ್ಯಾಹ್ನದ ಹೊತ್ತಿಗೆ ಯಾರದೋ ಕೈ ಎಂಬಂತಾಗುತ್ತಿತ್ತು. ಬಡಿಯುವ ಸದ್ದಿನಲ್ಲಿ ಮಾತು ಕೇಳದೆ ಕೂಗಿ ಮಾತಾಡುತ್ತಿದ್ದರು, ಕೂಗಿ ನಗುತ್ತಿದ್ದರು. ಪಕ್ಕದ ಒಲೆಯ ಜಯಮಾಲಾ ಹಾಡು ಎತ್ತಿದರೆ ಏಳು ಮಂದಿ ಸೊಲ್ಲು ಹಿಡಿಯುತ್ತಿದ್ದರು. ಬೆವರು, ಉಸಿರು, ಹಿಟ್ಟಿನ ಧೂಳು ಎಲ್ಲ ಆ ತಗಡಿನ ಕೆಳಗೇ ಸುತ್ತುತ್ತಿತ್ತು. ಮಾಸ್ಕುಗಳು ಬಾಗಿಲ ಮೊಳೆಗೆ ತೂಗುಬಿದ್ದಿದ್ದವು. ಆ ಸೆಕೆಯಲ್ಲಿ ಯಾರು ಹಾಕಿಕೊಂಡಾರು?

ಮಾಸ್ಕ್ ಇದ್ದದ್ದು ಒಬ್ಬಳ ಮುಖದ ಮೇಲೆ. ಆಕೆ ಕೂರುತ್ತಿದ್ದದ್ದು ಹೊರಗೆ, ಬಯಲಲ್ಲಿ.

ಹದಿನಾಲ್ಕು ವರ್ಷದಿಂದ ಕಿಂಡಿಯ ಕೆಳಗಿನ ಕಲ್ಲಿನ ಮೇಲೆ ಕೂತು ಜೋಳ ಹಸನು ಮಾಡುವವಳು, ಹಿಟ್ಟು ನಾದುವ ಪರಾತ ತಿಕ್ಕುವವಳು ತುಳಜಾಬಾಯಿ. ಊರಿನ ಕೊನೆಯ ಓಣಿಯವಳು. ಜೋಳಕ್ಕೆ ಆಕೆಯ ಕೈ ತಾಗಿದರೆ ನಡೆಯುತ್ತಿತ್ತು. ಅದೇ ಜೋಳ ಹಿಟ್ಟಾಗಿ, ಎಸರು ಬಿದ್ದು, ನಾದಿದ ಮೇಲೆ ಆಕೆಯ ನೆರಳೂ ನಡೆಯುತ್ತಿರಲಿಲ್ಲ. ಈ ಕಾನೂನನ್ನು ಯಾರೂ ಬರೆದಿಟ್ಟಿರಲಿಲ್ಲ, ಎಲ್ಲರಿಗೂ ಬಾಯಿಪಾಠವಿತ್ತು. ಇದು ಕಲ್ಯಾಣ. ಇಲ್ಲಿ ಎಲ್ಲರೂ ಒಂದೇ ಎಂದು ಬೀದಿಗೊಂದು ಬರಹವಿದೆ. ಕಸ್ತೂರಿಬಾಯಿಯೂ ಕಾಂಪೌಂಡಿನ ಮೇಲೆ ಒಂದನ್ನು ಬರೆಸಿದ್ದಳು. ತುಳಜಾಬಾಯಿ ಆ ಬರಹದ ಎದುರಿಗೇ ಕೂತು ಪರಾತ ತಿಕ್ಕುತ್ತಿದ್ದಳು.

ದೂರ ದೂರ ಕೂರಿ ಎಂದು ಟಿವಿಯಲ್ಲಿ ದೇಶಕ್ಕೆಲ್ಲ ಹೇಳಿಕೊಡುತ್ತಿದ್ದ ಕಾಲ ಅದು. ತುಳಜಾಬಾಯಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೊಳೆದ ಪರಾತ ಇಡಲು ಆಕೆ ಹೊಸ್ತಿಲ ತನಕ ಬರುತ್ತಿದ್ದಳಲ್ಲ, ಆಕೆಯ ಉಸಿರು ರೊಟ್ಟಿಗೆ ತಾಗಬಾರದೆಂದು ಕಸ್ತೂರಿಬಾಯಿ ಮಾಸ್ಕ್ ಕೊಟ್ಟಿದ್ದಳು. ಬಿಚ್ಚಿದರೆ ಕೆಲಸವಿಲ್ಲ. ಆಕೆಯ ಅಜ್ಜಿಗೂ ಇದೇ ಅಂಗಳದಲ್ಲಿ ಸೆರಗಿನಿಂದ ಬಾಯಿ ಕಟ್ಟಿಕೊಂಡು ನಿಲ್ಲು ಎನ್ನುತ್ತಿದ್ದರಂತೆ. ಆಗ ಕೊರೊನಾ ಇರಲಿಲ್ಲ.

ಜ್ವರದ ಆ ಮೊದಲ ದಿನ ಬಾಳಮ್ಮ ಎಸರಿನ ಹಬೆಗೆ ಮುಖ ಕೊಟ್ಟು ಎರಡು ಸಲ ಕೆಮ್ಮಿದಳು. ಜಯಮಾಲಾ ತಿರುಗಿ ನೋಡಿದಳು.

"ಯಾಕ, ಕಣ್ಣು ಕೆಂಪಗ ಆಗ್ಯಾವಲ್ಲ?"

ಬಾಳಮ್ಮ ಕಿಂಡಿಯ ಕಡೆಗೆ ಬೆನ್ನು ಒರಗಿಸಿ, ದನಿ ತಗ್ಗಿಸಿ ಹೇಳಿದಳು. "ಮುಂಜಾನಿಂದ ಜ್ವರ ಅದ ಅಕ್ಕಾ. ಮನ್ಯಾಗ ಅವರಿಗೂ ಅದ. ಗುಳಿಗಿ ತಗೊಂಡೇನಿ. ಯಾರ ಮುಂದೂ ಅನಬ್ಯಾಡ, ಒಲಿ ಹೋಗ್ತದ."

"ನಾ ಯಾಕ ಅನ್ಲಿ? ಹೊಟ್ಟಿಪಾಡು ಎಲ್ಲಾರಿಗೂ ಅದ," ಎಂದಳು ಜಯಮಾಲಾ. ಇಬ್ಬರೂ ಒಂದೇ ಬಸಿಯಲ್ಲಿ ಚಹಾ ಕುಡಿದರು.

ನಾಲ್ಕನೇ ದಿನಕ್ಕೆ ಮೂವರು ಬರಲಿಲ್ಲ. ಆರನೇ ದಿನಕ್ಕೆ ಎಂಟೂ ಒಲೆ ಆರಿದವು. ಕಸ್ತೂರಿಬಾಯಿಯೂ ಮಲಗಿದಳು. ಜಯಮಾಲಾಳನ್ನು ಉಸಿರು ಸಿಗದೆ ಬೀದರಿಗೆ ಒಯ್ದರು. ಆಕೆಗೆ ಸಕ್ಕರೆ ಕಾಯಿಲೆಯಿತ್ತು. ಆ ದಿನವೂ ತುಳಜಾಬಾಯಿ ಮಾತ್ರ ಹೊತ್ತಿಗೆ ಸರಿಯಾಗಿ ಬಂದು ಅಂಗಳದಲ್ಲಿ ನಿಂತಿದ್ದಳು, ಮೂಗಿನ ಮೇಲಿಂದ ಗದ್ದದ ತನಕ ಮಾಸ್ಕ್, ಕಂಕುಳಲ್ಲಿ ತನ್ನ ಮೊರ.

ಆಶಾ ಕಾರ್ಯಕರ್ತೆ ಮಿಸ್ಬಾ ಬಂದು ಉಳಿದವರನ್ನೆಲ್ಲ ಅಂಗಳಕ್ಕೆ ಕರೆಸಿ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿದಳು. ಒಳಗೆ ಕೂತವರಿಗೆಲ್ಲ ಇತ್ತು. ತುಳಜಾಬಾಯಿಗೆ ಇರಲಿಲ್ಲ. ಮಿಸ್ಬಾ ಕೊಟ್ಟಿಗೆಯ ಬಾಗಿಲು ತೆಗೆಸಿ ಒಂದು ಹೆಜ್ಜೆ ಒಳಗಿಟ್ಟು, ಮೊಳೆ ಹೊಡೆದ ಕಿಟಕಿ ನೋಡಿ, ಗೋಣಿ ತುರುಕಿದ ಕಿಂಡಿ ನೋಡಿ ಹೊರಗೆ ಬಂದಳು. ಹೊಸ್ತಿಲ ಹತ್ತಿರ ಹಿಟ್ಟು ಚೆಲ್ಲಿತ್ತು. ಅದರಲ್ಲಿ ಬೆರಳಿನಿಂದ ಎಂಟು ಸುತ್ತು ಬರೆದಳು. ಗೋಡೆಯ ಗೆರೆ ಎಳೆದಳು. ಗೆರೆಯಾಚೆ ಒಂದೇ ಒಂದು ಸುತ್ತು.

"ನೋಡ್ರಿ ಅಮ್ಮಾ. ಈ ಬಿಮಾರಿ ಉಸಿರಿನ್ಯಾಗ ಬರ್ತದ. ಮಾತಾಡಿದ್ರ, ಹಾಡಿದ್ರ, ಕೆಮ್ಮಿದ್ರ ಹೊರಗ ಬೀಳ್ತದ. ಬಯಲಾಗ ಇದ್ರ ಗಾಳಿ ಒಯ್ದುಬಿಡ್ತದ. ಖೋಲಿ ಮುಚ್ಚಿದ್ರಿ ಅಂದ್ರ ಒಲಿ ಹೊಗಿ ತುಂಬಿದಂಗ ತುಂಬತದ. ಹೊಗಿ ಕಣ್ಣಿಗಿ ಕಾಣ್ತದ, ಇದು ಕಾಣಂಗಿಲ್ಲ, ಅಷ್ಟೇ ಫರಕು. ಒಬ್ಬರು ಬಿಟ್ಟಿದ್ದು ಎಂಟು ಮಂದಿ ಎಳಕೊಂಡೀರಿ."

"ಮಾಸ್ಕ್ ಕೊಟ್ಟಿದ್ದೆವಲ್ಲ," ಎಂದಳು ಕಸ್ತೂರಿಬಾಯಿ, ಕಂಬಳಿಯೊಳಗಿಂದ.

"ಯಾರಿಗಿ ಹಾಕಿಸಿದ್ರಿ? ಹೊರಗ ಒಬ್ಬಾಕಿ ಕುಂತಾಕಿಗಿ. ಒಳಗಿನವರು ಮೊಳಿಗಿ ಹಾಕಿದ್ರಿ. ಮಾಸ್ಕು ನಮ್ಮ ಉಸಿರು ಇನ್ನೊಬ್ಬರ ಮೈಮ್ಯಾಲ ಹೋಗಬಾರದು ಅಂತ, ಇನ್ನೊಬ್ಬರದು ನಮ್ಮೊಳಗ ಬರಬಾರದು ಅಂತ. ಮಂದಿ ಕೂಡಿ ಕುಂತಲ್ಲಿ ಬೇಕು ಅದು." ಮಿಸ್ಬಾ ಎದ್ದು ಕೈ ಝಾಡಿಸಿದಳು. "ಮೊದಲ ಯಾರಿಗಿ ಬಂತು?"

ಬಾಳಮ್ಮ ಹಿಟ್ಟಿನಲ್ಲಿ ಬರೆದ ಎಂಟು ಸುತ್ತುಗಳಲ್ಲಿ ಮೂಲೆಯದನ್ನೇ ನೋಡುತ್ತಿದ್ದಳು. ಅದು ಆಕೆಯದು.

"ಮತ್ಯಾರಿಗಿ?" ಎಂದಳು ಕಸ್ತೂರಿಬಾಯಿ, ತುಳಜಾಬಾಯಿಯ ಕಡೆ ಗದ್ದ ತೋರಿಸಿ. "ಆಕಿ ಓಣ್ಯಾಗಿಂದೇ ಬಂದಿರ್ತದ. ಇವರಿಗಿ ಶುಚಿ ಅನ್ನೋದು ಗೊತ್ತದೇನು?"

"ಆಕಿಗಿ ಬಿಮಾರಿನೇ ಇಲ್ಲಲ್ರಿ!" ಎಂದಳು ಮಿಸ್ಬಾ.

"ಇತ್ತು, ಹೋಗಿರ್ತದ. ಅವರ ಮೈ ಗಟ್ಟಿ."

ಹೊರಗೆ ಕೂರಿಸಿದ್ದರಿಂದ ತುಳಜಾಬಾಯಿ ಬದುಕಿದಳು, ಜಾತಿಯೇ ಆಕೆಯನ್ನು ಕಾಯ್ದಿತು ಎಂದು ಆಮೇಲೆ ಊರಲ್ಲಿ ಒಬ್ಬಿಬ್ಬರು ಜಾಣರು ನಕ್ಕು ಹೇಳಿದರು. ಅವರ ಬಾಯಿಗೆ ಮಣ್ಣು ಬೀಳಲಿ. ಆಕೆಯನ್ನು ಕಾಯ್ದದ್ದು ಬಯಲಿನ ಗಾಳಿ. ಗಾಳಿಗೆ ಇವರ ಕಾನೂನು ಗೊತ್ತಿರಲಿಲ್ಲ.

ಜ್ವರ ತಂದದ್ದು ತುಳಜಾಬಾಯಿ ಎಂಬ ಸುದ್ದಿ ಓಣಿ ಓಣಿ ದಾಟಿತು. ತುಳಜಾಬಾಯಿಯ ಓಣಿಯ ಹೆಂಗಸರಿಗೆ ಮನೆಗೆಲಸಕ್ಕೆ ಬರಬೇಡಿ ಅಂದರು. ಒಂದು ದಿನ ಹಿಟ್ಟಿನ ಗಿರಣಿಯ ಮುಂದೆ ಜನ ಸಾಲಾಗಿ ಪಾಳಿ ಹಚ್ಚಿ ನಿಂತಿದ್ದರು. ತುಳಜಾಬಾಯಿಯ ಡಬ್ಬಿಯನ್ನು ಗಿರಣಿಯವನು ಕಾಲಿನಿಂದ ದೂಡಿದ. ಮುಚ್ಚಳ ಹಾರಿ ಜೋಳ ಮಣ್ಣಿಗೆ ಚೆಲ್ಲಿತು. ಐವತ್ತು ದಾಟಿದ ಆ ಹೆಂಗಸು ಮೊಣಕಾಲೂರಿ ಒಂದೊಂದೇ ಕಾಳು ಆರಿಸಿದಳು. ಪಾಳಿಯಲ್ಲಿ ಬಾಳಮ್ಮ ಇದ್ದಳು, ಆಕೆಯ ಹಿಂದೆಯೇ, ಎರಡು ಮಾರು ದೂರದಲ್ಲಿ. ನಾಲ್ಕು ಕಾಳು ಬಾಳಮ್ಮನ ಕಾಲ ಹತ್ತಿರ ಉರುಳಿ ಬಂದವು. ಬಗ್ಗಿ ಎತ್ತಿಕೊಡಲಿಲ್ಲ. ಕಾಲು ಹಿಂದಕ್ಕೆ ತೆಗೆದುಕೊಂಡಳು. ತುಳಜಾಬಾಯಿ ಆ ಕಾಲನ್ನು ನೋಡಿದಳು. ಮುಖ ನೋಡಲಿಲ್ಲ.

ಆ ರಾತ್ರಿ ಬಾಳಮ್ಮ ಉಣ್ಣಲಿಲ್ಲ. ಅದರಿಂದ ಯಾರಿಗೇನು ಲಾಭವಾಯಿತು? ಮರುದಿನ ಉಂಡಳು.

ಹದಿನಾರನೇ ದಿನ ಕೇಂದ್ರ ಮತ್ತೆ ತೆರೆಯಿತು. ಕಸ್ತೂರಿಬಾಯಿಯ ಮಗ ಸತೀಶಕುಮಾರ ರೊಟ್ಟಿ ಒಯ್ಯುತ್ತಿದ್ದದ್ದು ಹುಮನಾಬಾದಿನ ಕಾರ್ಖಾನೆಗಳ ಕಡೆಯ ಒಂದು ಕ್ಯಾಂಟೀನಿಗೆ. ಕ್ಯಾಂಟೀನು ನಡೆಸುವ ಬಸವಕುಮಾರ, ಬಿಮಾರಿ ತಂದವಳನ್ನು ಮೊದಲು ತೋರಿಸು, ಆಮೇಲೆ ರೊಟ್ಟಿ ಇಳಿಸು ಅಂದಿದ್ದ. ಸತೀಶಕುಮಾರ ತುಳಜಾಬಾಯಿಗೆ ಹೇಳಿ ಕಳಿಸಿದ. ಏಳು ಹೆಂಗಸರು ಅಂಗಳದಲ್ಲಿ ನಿಂತಿದ್ದರು. ಜಯಮಾಲಾ ಕಟ್ಟೆಯ ಮೇಲೆ ಕೂತಿದ್ದಳು. ಬೀದರಿನಿಂದ ಬಂದು ಮೂರು ದಿನವಾಗಿತ್ತು. ಬಾಗಿಲಿಂದ ಕಟ್ಟೆಗೆ ಬರಲು ಎರಡು ಸಲ ನಿಂತಿದ್ದಳು. ಆಕೆ ಇನ್ನು ಹಾಡುವುದಿಲ್ಲ ಎಂದು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು.

ಸತೀಶಕುಮಾರ ವಿಡಿಯೊ ಮಾಡಲು ಮೊಬೈಲು ಎತ್ತಿ ಹಿಡಿದ.

"ಎರಡೇ ಮಾತು ತುಳಜಾ. 'ನನಗ ಜ್ವರ ಇತ್ತು. ಮುಚ್ಚಿಟ್ಟು ಕೆಲಸಕ್ಕ ಬಂದೆ. ತಪ್ಪಾಯ್ತು, ಮಾಫ್ ಮಾಡ್ರಿ.' ಇಷ್ಟ ಅಂದುಬಿಡು. ನಾಳಿಂದ ನಿನ್ನ ಕೆಲಸ ನಿನಗ."

ಅದರಲ್ಲಿ ಒಂದು ಶಬ್ದವೂ ತುಳಜಾಬಾಯಿಯದಲ್ಲ. ಎಲ್ಲ ಬಾಳಮ್ಮನದು.

ತುಳಜಾಬಾಯಿ ಮೊರವನ್ನು ಕಲ್ಲಿಗೆ ಒರಗಿಸಿದಳು. ಕಿವಿಯಿಂದ ಮಾಸ್ಕಿನ ದಾರ ಬಿಚ್ಚಿದಳು. ಎರಡು ವರ್ಷದಿಂದ ಆ ಅಂಗಳದಲ್ಲಿ ಯಾರೂ ನೋಡಿರದ ಬಾಯಿ ಅದು. ಮೂಗಿನ ಪಕ್ಕ ಮಾಸ್ಕಿನ ಅಂಚು ಕೊರೆದ ಗುರುತಿತ್ತು.

"ಅಂತೀನ್ರಿ ಅಣ್ಣಾರ. ಆದ್ರ ಪೂರಾ ಅಂತೀನಿ. ಬಿಮಾರಿ ಒಳಗ ಹುಟ್ಟ್ಯಾದ ಅಂತ ಆ ಮೇಡಂ ಹಿಟ್ಟಿನ್ಯಾಗ ಬರದು ತೋರಿಸ್ಯಾಳ. ನಾ ತಂದೆ ಅಂದ್ರ ನಾ ಒಳಗ ಬಂದಿದ್ದೆ ಅಂತ ಆತು. ಅದನ್ನ ನೀವು ಹೇಳಬೇಕಾಗ್ತದ. ಅವ್ವಾರ, ನೀವೂ ಮೊಬೈಲ ಮುಂದ ಬರ್ರಿ. 'ತುಳಜಾಬಾಯಿ ನಮ್ಮ ರೊಟ್ಟಿ ಖೋಲ್ಯಾಗ ಬರ್ತಿದ್ಳು, ನಮ್ಮ ಸಂಗಟ ಕುಂತು ಉಸಿರಾಡ್ತಿದ್ಳು, ಹಿಟ್ಟು ನಾದ್ತಿದ್ಳು' ಅನ್ರಿ. ನೀವು ಅಷ್ಟು ಅನ್ರಿ. ನಾ ತಪ್ಪಾಯ್ತು ಅಂತೀನಿ."

"ನಾಲಿಗಿ ಬಿಗಿ ಹಿಡಿ!" ಕಸ್ತೂರಿಬಾಯಿ ಚೀರಿದಳು. "ನೀ ಯಾವಾಗ ಒಳಗ ಬಂದಿದ್ದಿ? ಹದಿನಾಕು ವರ್ಷದಾಗ ಒಂದು ದಿನಾನಾದ್ರೂ ನಿನ್ನ ಹೊಸ್ತಿಲ ದಾಟಿಸೀನೇನು ನಾ?"

"ಇಲ್ರಿ. ನಾನೂ ಅದನ್ನೇ ಹೇಳಾಕತ್ತೇನಿ."

ಸತೀಶಕುಮಾರ ಮೊಬೈಲನ್ನು ನೋಡಿದ, ಅದು ಅವ್ವನ ಮಾತನ್ನೆಲ್ಲ ಹಿಡಿದಿಟ್ಟುಕೊಂಡಿತ್ತು. ಬಟನ್ ಒತ್ತಿ ಅಳಿಸಿದ.

ಆಗ ಬಾಳಮ್ಮ ಬಾಯಿ ಬಿಟ್ಟಳು. ಧೈರ್ಯ ಬಂತೆಂದಲ್ಲ. ಹದಿನಾರು ದಿನ ಒಳಗಿಟ್ಟಿದ್ದದ್ದು ಹೊರಗೆ ಬಂತು, ಅಷ್ಟೇ.

"ನನಗ್ರೀ. ಮೊದಲ ನನಗ ಬಂದಿತ್ತು. ಗುಳಿಗಿ ನುಂಗಿ ಬಂದಿದ್ದೆ. ತುಳಜಾಂದು ಏನೂ ತಪ್ಪಿಲ್ಲ."

ಬಯ್ಯುತ್ತಾರೆ, ಹೊಡೆಯುತ್ತಾರೆ, ಒಲೆ ಕಸಿಯುತ್ತಾರೆ ಎಂದು ಕಣ್ಣು ಮುಚ್ಚಿ ನಿಂತಳು. ಏನೂ ಆಗಲಿಲ್ಲ. ಕಸ್ತೂರಿಬಾಯಿ ಬೀದಿಯ ಕಡೆ ನೋಡಿ ದನಿ ತಗ್ಗಿಸಿದಳು. "ಸುಮ್ಕಿರು. ನಿನಗ ಯಾರು ಕೇಳ್ಯಾರ?"

"ರೊಟ್ಟಿ ಬಡಿಯಾಕಿಗೇ ಇತ್ತು ಅಂದ್ರ ಯಾರು ತಗೋತಾರ?" ಸತೀಶಕುಮಾರ ಮೊಬೈಲು ಕಿಸೆಗೆ ಹಾಕಿದ. "ಈ ಮಾತು ಇಲ್ಲೇ ಮುಗೀತು. ಹೋಗು ಬಾಳಮ್ಮ, ಒಲಿ ಹಚ್ಚು. ಹೊತ್ತಾಗ್ಯಾದ."

ಒಲೆ ಆಕೆಯದೇ ಉಳಿಯಿತು. ಹದಿನಾರು ದಿನ ಯಾವುದಕ್ಕೆ ಹೆದರಿ ಒಬ್ಬ ಹೆಂಗಸನ್ನು ಮಣ್ಣಿನಲ್ಲಿ ಕಾಳು ಆರಿಸಲು ಬಿಟ್ಟಿದ್ದಳೋ ಅದು ಆಗಲೇ ಇಲ್ಲ. ಒಳಗಿನವರ ತಪ್ಪನ್ನು ಒಳಗಿನವರು ಮುಚ್ಚುತ್ತಾರೆ. ಬಾಳಮ್ಮ ಈಗ ಒಳಗಿನವಳು. ಇದಕ್ಕಾಗಿಯೇ ಎರಡು ವರ್ಷ ಕಾದಿದ್ದಳು. ಆಕೆಗೆ ತನ್ನ ಮೈಯ ವಾಸನೆಯೇ ಹೇಸಿಗೆಯಾಯಿತು.

ತುಳಜಾಬಾಯಿ ಮೊರ ಎತ್ತಿಕೊಂಡಳು. ಮಾಸ್ಕನ್ನು ಕಲ್ಲಿನ ಮೇಲೆ ಇಟ್ಟಳು.

"ಜೋಳ ಯಾರು ಹಸನು ಮಾಡ್ತಾರ?" ಎಂದಳು ಕಸ್ತೂರಿಬಾಯಿ.

"ಒಳಗ ಕುಂತವರು ಮಾಡ್ಲಿ."

ಬಾಳಮ್ಮ ಗೇಟಿನ ತನಕ ಹಿಂದೆ ಓಡಿದಳು. "ತುಳಜಾಬಾಯಿ..."

ಆಕೆ ನಿಂತಳು. ತನಗಿಂತ ಹದಿನೈದು ವರ್ಷ ದೊಡ್ಡವಳನ್ನು ಬಾಳಮ್ಮ ಅಷ್ಟು ದಿನ ಕರೆದದ್ದು ಏ ತುಳಜಾ ಎಂದು. ತುಳಜಾಬಾಯಿ ಆಕೆಗೆ ಬರ್ರಿ, ಹೋಗ್ರಿ ಎನ್ನುತ್ತಿದ್ದಳು. ಈಗ ಅನ್ನಲಿಲ್ಲ.

"ಪೂರಾ ಹೆಸರು ಬರ್ತದಲ್ಲ ನಿನಗ. ಹದಿನಾರು ದಿನ ಎಲ್ಲಿ ಇಟ್ಟಿದ್ದಿ ಈ ನಾಲಿಗಿ? ಮಾಸ್ಕ ನಾ ಹಾಕ್ಕೊಂಡಿದ್ದೆ. ಬಾಯಿ ಮುಚ್ಚಿದ್ದು ನಿಂದು."

"ನನಗ ಅಂಜಿಕಿ..."

"ಹಿಂದ ಬರಬ್ಯಾಡ."

ಮೊರ ಕಂಕುಳಲ್ಲಿಟ್ಟುಕೊಂಡು ನಡೆದಳು. ತಿರುಗಿ ನೋಡಲಿಲ್ಲ. ಯಾಕೆ ನೋಡಬೇಕು?

ಬಾಳಮ್ಮ ಅಂಗಳಕ್ಕೆ ಮರಳಿದಳು. ಕಸ್ತೂರಿಬಾಯಿ, ಸತೀಶಕುಮಾರ ಮನೆಯೊಳಗೆ ಹೋಗಿದ್ದರು. ಹೆಂಗಸರು ಜಯಮಾಲಾಳನ್ನೂ ಕರೆದುಕೊಂಡು ಕೊಟ್ಟಿಗೆಯೊಳಗೆ ಸೇರಿ ಬಾಗಿಲು ಎಳೆದುಕೊಂಡಿದ್ದರು. ಬಾಳಮ್ಮ ಒಳಗೆ ಹೋಗಲಿಲ್ಲ. ಕಿಂಡಿಯ ಕೆಳಗಿನ ಕಲ್ಲಿನ ಮೇಲೆ ಕೂತಳು. ಕಲ್ಲು ತಣ್ಣಗಿತ್ತು, ಹದಿನಾಲ್ಕು ವರ್ಷ ಕೂತು ಕೂತು ನಡುವೆ ಸವೆದಿತ್ತು. ಪಕ್ಕದಲ್ಲಿ ಮಾಸ್ಕ್ ಬಿದ್ದಿತ್ತು.

ಒಳಗಿನಿಂದ ಕಡ್ಡಿ ಗೀರಿದ ಸದ್ದು ಕೇಳಿತು. ಗ್ಯಾಸು ಹತ್ತಿದ್ದು ಕೇಳಿತು. ಯಾರೋ ಬಳೆ ಹಿಂದಕ್ಕೆ ಸರಿಸಿಕೊಂಡದ್ದು ಕೇಳಿತು. ಆಮೇಲೆ ಜಯಮಾಲಾಳ ದನಿ, ಉಸಿರಿಗೆ ನಿಂತು ನಿಂತು, ಅರ್ಧ ಗಾಳಿಯಾಗಿದ್ದ ದನಿ.

"ನನಗ... ಗೊತ್ತಿತ್ತು. ಅವತ್ತೇ... ಹೇಳಿದ್ಳು. ಇಲ್ಲೇ... ಕುಂತು."

ಬಾಳಮ್ಮ ತಲೆಯೆತ್ತಿ ಕಿಂಡಿ ನೋಡಿದಳು. ಆಕೆಯೇ ತುರುಕಿದ ಗೋಣಿಚೀಲ ಅಲ್ಲಿತ್ತು. ಅದು ಗಾಳಿಯನ್ನು ತಡೆಯುತ್ತಿತ್ತು, ಮಾತನ್ನಲ್ಲ. ಸಾಯುವವರಂತೆ ಪಿಸುಗುಟ್ಟುವವಳ ಮಾತೂ ಇಲ್ಲಿ ಕಿವಿಯಲ್ಲಿ ಹೇಳಿದಂತೆ ಕೇಳುತ್ತಿತ್ತು.

ಹಾಗಾದರೆ ತುಳಜಾಬಾಯಿಗೆ ಮೊದಲ ದಿನವೇ ಗೊತ್ತಿತ್ತು. ಮುಂಜಾನಿಂದ ಜ್ವರ ಅದ ಅಕ್ಕಾ. ಯಾರ ಮುಂದೂ ಅನಬ್ಯಾಡ. ಇದೇ ಕಲ್ಲಿನ ಮೇಲೆ ಕೂತು ಕೇಳಿದ್ದಳು. ಹಿಟ್ಟಿನಲ್ಲಿ ಸುತ್ತು ಬರೆದಾಗ ಹೇಳಲಿಲ್ಲ. ಗಿರಣಿಯಲ್ಲಿ ಹೇಳಲಿಲ್ಲ. ಇವತ್ತು ಮೊಬೈಲಿನ ಮುಂದೆ ಬಾಳಮ್ಮ ಎಂದು ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಬಾಳಮ್ಮ ತಾನಾಗಿ ಹೇಳಲಿ ಎಂದು ಕಾದಳೋ, ಇವರ ಒಲೆಯ ಜಗಳ ಇವರಿಗೇ ಇರಲಿ ಎಂದು ಬಿಟ್ಟಳೋ, ಅದನ್ನು ಕೇಳುವ ಮುಖ ಬಾಳಮ್ಮನಿಗಿರಲಿಲ್ಲ.

ಅದೊಂದೇ ಅಲ್ಲ. ಒಳಗೆ ಹೋದ ಹೊಸದರಲ್ಲಿ, ತಾನೂ ಒಳಗಿನವಳೇ ಎಂದು ತೋರಿಸಲು, "ಆಕಿ ತಿಕ್ಕಿದ ಪರಾತಕ್ಕ ಇನ್ನೊಂದು ಸಲ ನೀರು ಹಾಕ್ರಿ, ನನಗ ಹೇಸಿಗಿ ಬರ್ತದ" ಎಂದು ಬಾಳಮ್ಮ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಗೋಡೆಯ ಈಚೆ ಪರಾತ ತಿಕ್ಕುವ ಸದ್ದು ಒಂದು ಗಳಿಗೆ ನಿಲ್ಲುತ್ತಿತ್ತು. ಮತ್ತೆ ಶುರುವಾಗುತ್ತಿತ್ತು. ಆ ನಿಂತ ಗಳಿಗೆ ಈಗ ನೆನಪಾಯಿತು.

ಬಾಳಮ್ಮ ಎದ್ದಳು. ಕಲ್ಲಿನ ಮೇಲೆ ಹತ್ತಿ ನಿಂತು ಗೋಣಿಚೀಲದ ತುದಿ ಹಿಡಿದು ಎಳೆದಳು. ಬಿಗಿಯಾಗಿ ತುರುಕಿದ್ದಳು, ಎರಡು ಕೈ ಬೇಕಾಯಿತು. ಧೂಳಿನ ಸಮೇತ ಅದು ಕಿತ್ತು ಬಂತು. ಗಾಳಿ ಒಳಗೆ ನುಗ್ಗಿತು. ಉರಿಗಳು ಬಗ್ಗಿ ಪಟಪಟನೆ ಆರಿದವು.

"ಯಾರದು? ಮುಚ್ಚು! ರೊಟ್ಟಿ ಹಾಳಾಗ್ತಾವ!" ಒಳಗೆ ಚೀರಾಡಿದರು. ಮನೆಯ ಬಾಗಿಲಿಗೆ ಕಸ್ತೂರಿಬಾಯಿ ಓಡಿ ಬಂದಳು. ಬೀದಿಯಲ್ಲಿ ಹೋಗುತ್ತಿದ್ದವರು ಗೇಟಿನ ಹತ್ತಿರ ನಿಂತು ನೋಡಿದರು.

"ನಾನು, ಬಾಳಮ್ಮ," ಎಂದಳು ಕಲ್ಲಿನ ಮೇಲೆ ನಿಂತು, ಬೀದಿಯ ಕಡೆ ತಿರುಗಿ. "ಈ ಮನಿಗಿ ಜ್ವರ ತಂದಾಕಿ ನಾನೇ. ತುಳಜಾಬಾಯಿ ಅಲ್ಲ."

ಈ ಸಲ ಪಿಸುಗುಟ್ಟಲಿಲ್ಲ.